ಸ್ಪೀಕರಿನೊಳಗಿನ ಗಂಡಸು

ನಮ್ಮ ಕಂಪ್ಯೂಟರಿನ ಸ್ಪೀಕರಿನಲ್ಲಿ ಒಬ್ಬ ಗಂಡಸು ಮಾತಾಡುತ್ತಿದ್ದ. ಬಾಯಿ ತುಂಬ ಅವಲಕ್ಕಿ ಹಾಕಿಕೊಂಡು ಜಗಳಕ್ಕೆ ನಿಂತವನ ಹಾಗೆ, ಒಂದಕ್ಷರವೂ ತಿಳಿಯದ ಮಾತು. ಬೇರೆಯವರ ಮನೆಯಲ್ಲಾಗಿದ್ದರೆ ನಾನೂ ನಗುತ್ತಿದ್ದೆ. ನನ್ನ ಪಾಲಿಗೆ ಅವನು ಯಮನಾಗಿ ಬಂದಿದ್ದ.

ಅತ್ತೆಯವರು ಹಾಸಿಗೆ ಹಿಡಿದಾಗ ಐರೋಲಿಯ ಬ್ಯಾಂಕ್ ಕೆಲಸ ಬಿಟ್ಟವಳು ನಾನು. ಅವರು ತೀರಿಕೊಂಡ ಮೇಲೆ ಡೊಂಬಿವಲಿಯ ಈ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಕುಕ್ಕರಿನ ಸೀಟಿ ಎಣಿಸುತ್ತಾ ಕೂತೆ. ಎಲ್ಲಿ ಅರ್ಜಿ ಹಾಕಿದರೂ ‘ಇಷ್ಟು ವರ್ಷ ಗ್ಯಾಪ್ ಯಾಕೆ’ ಎಂಬ ಒಂದೇ ಪ್ರಶ್ನೆ. ಹಾಸಿಗೆ ಹುಣ್ಣು ತೊಳೆಯುತ್ತಿದ್ದೆ ಎಂದರೆ ಅದು ಅನುಭವದ ಲೆಕ್ಕಕ್ಕೆ ಬರುವುದಿಲ್ಲವಲ್ಲ. ಕೊನೆಗೆ ಘನ್ಸೋಲಿಯ ಒಂದು ಕಂಪನಿ ಒಪ್ಪಿತು. ಷರತ್ತು ಒಂದೇ: ಅವರು ಹೇಳಿದ ಸರ್ಟಿಫಿಕೇಟ್ ಪರೀಕ್ಷೆ ಈ ತಿಂಗಳೊಳಗೆ ಪಾಸಾಗಬೇಕು, ಇಲ್ಲವಾದರೆ ಕುರ್ಚಿ ಮುಂದಿನವರಿಗೆ. ಆ ಕುರ್ಚಿ ನನಗೆ ಬೇಕೇ ಬೇಕಿತ್ತು. ಬೆಳಿಗ್ಗೆ ಲೋಕಲ್ ರೈಲು ಹಿಡಿಯಲು ಓಡುವ ಹೆಂಗಸರನ್ನು ಕಿಟಕಿಯಿಂದ ನೋಡಿ ಹೊಟ್ಟೆಕಿಚ್ಚು ಪಟ್ಟು ಪಟ್ಟು ನನಗೇ ಸಾಕಾಗಿತ್ತು. ಇದೂ ತಪ್ಪಿದರೆ ಮತ್ತೆ ಯಾರೂ ಕರೆಯುವುದಿಲ್ಲ ಎಂದು ಗೊತ್ತಿತ್ತು.

ಪರೀಕ್ಷೆ ಮನೆಯಿಂದಲೇ. ಎಲ್ಲೋ ಕೂತ ಮೇಲ್ವಿಚಾರಕಿಯೊಬ್ಬಳು ಕ್ಯಾಮೆರಾದಲ್ಲಿ ನಮ್ಮನ್ನು ನೋಡುತ್ತಾ, ಮೈಕಿನಲ್ಲಿ ಕೋಣೆಯ ಸದ್ದು ಆಲಿಸುತ್ತಾ ಇರುತ್ತಾಳೆ. ಇನ್ನೊಬ್ಬರ ದನಿ ಕೇಳಿಸಿತೋ, ಪರೀಕ್ಷೆ ರದ್ದು. ಹೋದ ಭಾನುವಾರ ಬೆಳಿಗ್ಗೆ ಶುರುವಾಗಿ ಇನ್ನೂ ಕೈ ಕುದುರುತ್ತಿತ್ತು, ಆಗ ಈ ಮಹಾನುಭಾವ ಬಾಯಿ ತೆರೆದ. “ನಿಮಗೆ ಯಾರೋ ಉತ್ತರ ಹೇಳಿಕೊಡುತ್ತಿದ್ದಾರೆ” ಎಂದಳು ಮೇಲ್ವಿಚಾರಕಿ. ಸ್ಪೀಕರ್ ಎಂದೆ. ಯಾವುದೋ ರೇಡಿಯೊ ಇರಬೇಕು ಎಂದೆ. ಅಳುವುದೂ ಆಯಿತು. ಪರದೆ ಕಪ್ಪಾಯಿತು. ಮೇಲಿಂದ ಮೇಲೆ ಇಮೇಲ್ ಬರೆದು ಕಾಡಿ ಬೇಡಿದ ಮೇಲೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಇನ್ನೊಂದು ಅವಕಾಶ ಕೊಟ್ಟರು. ಇದೇ ಕೊನೆಯದು. ಅದೇ ಕೋಣೆ, ಅದೇ ಕಂಪ್ಯೂಟರ್, ಬದಲಾಯಿಸುವ ಹಾಗಿಲ್ಲ.

“ಸ್ಪೀಕರ್ ಆಫ್ ಮಾಡ್ಕೊಂಡು ಕೂತ್ಕೋ, ಕತೆ ಮುಗೀತು” ಎಂದ ಸುಪ್ರೀತ್. ನನ್ನ ಗಂಡ, ಐಟಿಯವನು. ಎಲ್ಲದಕ್ಕೂ ಆಫ್ ಮಾಡಿ ಆನ್ ಮಾಡು ಎನ್ನುವ ಜಾತಿ.

“ಅವಳು ಕರೆದ್ರೆ ನಂಗೆ ಕೇಳಿಸ್ಬೇಕು ಕಣೋ. ಮೂರು ಸಲ ಕರೆದು ಉತ್ತರ ಬರ್ಲಿಲ್ಲ ಅಂದ್ರೂ ರದ್ದೇ.”

“ಇಯರ್‌ಫೋನ್?”

“ಕಿವೀಲಿ ಏನೂ ಇರ್ಬಾರ್ದು. ಹೋದ ಸಲ ಓಲೆನೂ ಬಿಚ್ಚಿಸಿದ್ಲು.”

ಅಲ್ಲಿಂದ ಶುರುವಾಯಿತು ನಮ್ಮ ಭೂತ ಬಿಡಿಸುವ ಕೆಲಸ. ವಾಲ್ಯೂಮ್ ಸೊನ್ನೆಗೆ ತಿರುಗಿಸಿದೆವು. ಅವನ ಗಂಟಲು ಒಂದಿಷ್ಟೂ ತಗ್ಗಲಿಲ್ಲ. ಕಂಪ್ಯೂಟರಿನಿಂದ ಪಿನ್ ಕಿತ್ತು ಬರೀ ಸ್ಪೀಕರ್ ಹಚ್ಚಿಟ್ಟೆವು, ಆಗಲೂ ಮಾತಾಡಿದ. ಫ್ರಿಜ್, ವೈಫೈ, ಟ್ಯೂಬ್‌ಲೈಟ್ ಒಂದೊಂದಾಗಿ ಆರಿಸಿದೆವು. ಇಡೀ ಮನೆಯ ಮೇನ್ ಇಳಿಸಿ ಸ್ಪೀಕರ್ ಒಂದನ್ನೇ ಇನ್ವರ್ಟರಿಗೆ ಸಿಕ್ಕಿಸಿದರೆ, ಫ್ಯಾನಿನ ಸದ್ದೂ ಇಲ್ಲದ ಮನೆಯಲ್ಲಿ ಇನ್ನೂ ಹುರುಪಿನಿಂದ ಮಾತಾಡಿದ. ಚಪಾತಿ ಸುತ್ತುವ ಫಾಯಿಲ್‌ನಲ್ಲಿ ಸ್ಪೀಕರನ್ನು ಪಾರ್ಸೆಲ್ ಮಾಡಿದೆ. ಸುಪ್ರೀತ್ ಉಲ್ಹಾಸನಗರಕ್ಕೆ ಹೋಗಿ ಹೊಸ ಸ್ಪೀಕರನ್ನೇ ತಂದ. “ಏಕ್‌ದಮ್ ಸಾಫ್ ಆವಾಜ್ ಹೈ ಸಾಬ್” ಎಂದು ದನಿಯ ಸ್ಪಷ್ಟತೆ ಹೊಗಳಿದ್ದನಂತೆ ಅಂಗಡಿಯವನು. ಸುಳ್ಳು ಹೇಳಿರಲಿಲ್ಲ. ಹೊಸದರಲ್ಲಿ ಆ ಗಂಡಸಿನ ದನಿ ಮೊದಲಿಗಿಂತ ಸಾಫಾಗಿತ್ತು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ನಾನು ಸ್ಪೀಕರಿಗೆ ಕುಂಕುಮ ಹಚ್ಚಿ ಕೈಮುಗಿದೆ. ಸುಪ್ರೀತ್ ಅದನ್ನು ನೋಡಲಿಲ್ಲ ಎಂದುಕೊಂಡಿದ್ದೇನೆ.

ನಮ್ಮ ಮನೆಯದಲ್ಲ ಎಂದ ಮೇಲೆ ಕಟ್ಟಡದ್ದೇ ಇರಬೇಕು. ಗುರುವಾರ ಸಂಜೆ ಅವನು ಮಾತು ಶುರು ಮಾಡಿದ ತಕ್ಷಣ ಸುಪ್ರೀತನನ್ನು ಸ್ಪೀಕರಿನ ಮುಂದೆ ಕೂರಿಸಿ, ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲು ಹತ್ತಿದೆ. ಪ್ರತಿ ಬಾಗಿಲಿಗೂ ಕಳ್ಳಿಯ ಹಾಗೆ ಕಿವಿ ಕೊಟ್ಟೆ. “ಬಂತು... ನಿಂತಿತು... ಮತ್ತೆ ಬಂತು” ಎಂದು ಫೋನಿನಲ್ಲಿ ಸುಪ್ರೀತ್ ಹೇಳುತ್ತಿದ್ದ. ನಾಲ್ಕನೇ ಮಹಡಿಯ ಒಂದು ಬಾಗಿಲಾಚೆ ಯಾರೋ ಮಾತಾಡುತ್ತಿದ್ದರು. ಮಾತು ನಿಲ್ಲಿಸಿದರು. “ನಿಂತಿತು” ಎಂದ ಸುಪ್ರೀತ್. ಮತ್ತೆ ಶುರು ಮಾಡಿದರು. “ಬಂತು.” ನಾನು ಬೆಲ್ ಒತ್ತಲಿಲ್ಲ, ಬಾಗಿಲು ಗುದ್ದಿದೆ.

ತೆರೆದವರು ವಿಷ್ಣುಮೂರ್ತಿ. ಉಡುಪಿ ಕಡೆಯವರು, ಥಾಣೆಯಲ್ಲಿ ಹೋಟೆಲ್ ನಡೆಸಿ ಈಗ ಆರಾಮವಾಗಿರುವವರು. ಲಿಫ್ಟಿನಲ್ಲಿ ಸಿಕ್ಕರೆ ‘ಊಟ ಆಯ್ತಾ’ ಎನ್ನುವುದು ಬಿಟ್ಟರೆ ಬೇರೆ ಪರಿಚಯವಿಲ್ಲ. ಅವರ ಹಿಂದೆ ಮೇಜಿನ ಮೇಲೆ ದೀಪ ಉರಿಯುವ ಒಂದು ರೇಡಿಯೊ ಪೆಟ್ಟಿಗೆ, ಅದಕ್ಕೊಂದು ಮೈಕು. ಅವರದು ಹ್ಯಾಮ್ ರೇಡಿಯೊ: ಸರಕಾರದ ಲೈಸೆನ್ಸ್ ಪಡೆದು, ಮನೆಯಲ್ಲಿ ಕೂತೇ ಊರೂರಿನ ರೇಡಿಯೊ ಗೆಳೆಯರ ಜೊತೆ ಮಾತಾಡುವ ಹವ್ಯಾಸ. ತಾರಸಿಯ ಏರಿಯಲ್ಲನ್ನು ಸೊಸೈಟಿ ಕಮಿಟಿ ತೆಗೆಸಿದ್ದರಿಂದ, ಬಾಲ್ಕನಿಯ ಬಟ್ಟೆ ಒಣಗಿಸುವ ಹಗ್ಗದ ಜೊತೆಗೇ ತಾಮ್ರದ ತಂತಿ ಎಳೆದಿದ್ದರು. ಅದು ಕಾಣದಂತೆ ಹೆಂಡತಿ ಉಮಾವತಿಯ ಲಂಗಗಳು ಸದಾ ಅದರ ಮೇಲೆ ಒಣಗುತ್ತಿದ್ದವು.

“ನಿಮ್ಮ ಹರಟೆಗೆ ನನ್ನ ಬದುಕು ಹೋಗ್ತಿದೆ ಅಂಕಲ್!” ಎಂದು ಕಿರುಚಿದೆ. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

ಅವರು ಬೆವರಿದರು. “ಅಯ್ಯೋ, ನಂಗೆ ಗೊತ್ತೇ ಇಲ್ಲ ಮಾರಾಯ್ರೆ. ಕಮಿಟಿಗೆ ಮಾತ್ರ ಹೇಳ್ಬೇಡಿ. ನಿಮ್ಮ ಸ್ಪೀಕರಿನ ವಯರೇ ಏರಿಯಲ್ ಆಗಿ ನನ್ನ ಸ್ವರ ಹಿಡೀತಾ ಉಂಟು. ಅದಕ್ಕೆ ಮದ್ದು ಉಂಟು, ಬನ್ನಿ.”

ರೇಡಿಯೊ ಅಲೆ ತಡೆಯುವ, ಕೋಡುಬಳೆಯಷ್ಟು ದೊಡ್ಡ ಒಂದು ಕಪ್ಪು ಬಳೆ ತಂದರು. ಸ್ಪೀಕರಿನ ವಯರನ್ನು ಅದಕ್ಕೆ ಸುತ್ತು ಸುತ್ತಾಗಿ ಸುತ್ತಿದರು, ಉಳಿದದ್ದನ್ನು ಮಡಚಿ ಕಟ್ಟಿದರು. ಮೇಲೆ ಹೋಗಿ ಮಾತಾಡಿದರು. ಗರ್ಜನೆ ಹೋಗಿತ್ತು. ಆದರೆ ಪೂರ್ತಿ ಹೋಗಿರಲಿಲ್ಲ, ತೆಳ್ಳಗೆ ಪಿಸುಗುಡುತ್ತಿತ್ತು. ಉತ್ತರ ಹೇಳಿಕೊಡುವವರು ಪಿಸುಗುಡದೆ ಕೂಗಿ ಹೇಳುತ್ತಾರೆಯೇ? ಇದು ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗಾಯಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ವಿಷ್ಣುಮೂರ್ತಿ ಮತ್ತೆ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತರು. “ಆದಿತ್ಯವಾರ ನಿಮ್ಮ ಪರೀಕ್ಷೆ ಮುಗಿಯುವವರೆಗೆ ನಾನು ರೇಡಿಯೊ ಮುಟ್ಟುದಿಲ್ಲ. ಮಾತು ಕೊಟ್ಟೆ, ಆಯ್ತಾ? ಅಳ್ಬೇಡಿ.”

ಮರುದಿನ ಉಮಾವತಿ ಆಂಟಿ ಮೆಟ್ಟಿಲಲ್ಲಿ ಸಿಕ್ಕರು. “ಅವರಿಗೆ ಆದಿತ್ಯವಾರ ಆ ಹೊತ್ತಿಗೇ ರೇಡಿಯೊದಲ್ಲಿ ಕುಂದಾಪುರದ ಯಜ್ಞೇಶ್ವರ ಬರುದು. ಎಳವೆಯ ದೋಸ್ತಿ. ಪಾರ್ಶ್ವವಾಯು ಬಡಿದು ಮಾತು ಹೋಗಿದೆ, ಒಂದು ಬೆರಳು ಮಾತ್ರ ಆಡ್ತದೆ. ಆ ಬೆರಳಲ್ಲೇ ಕಟ್ಟ ಕಡ ಅಂತ ಟೆಲಿಗ್ರಾಮಿನ ತಂತಿ ಭಾಷೆ ಕುಟ್ಟುದು, ಇವರು ಬಾಯಲ್ಲಿ ಉತ್ತರ ಹೇಳುದು. ವಾರಕ್ಕೆ ಅದೊಂದೇ ದಿನ. ಅವನಿಗೆ ಬೇರೆ ಯಾರ ಹತ್ರವೂ ಮಾತಿಲ್ಲ ನೋಡಿ.” ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಅಷ್ಟೆ. ಆದರೆ ಆ ಕ್ಷಣದಿಂದ ನನ್ನ ನೆಮ್ಮದಿ ಹೋಯಿತು. ಅಂಥ ಗೆಳೆಯ ಆಚೆ ಕಡೆಯಿಂದ ಕುಟ್ಟುತ್ತಿದ್ದರೆ ಯಾವ ಮನುಷ್ಯ ಸುಮ್ಮನಿದ್ದಾನು? ನಾನಾಗಿದ್ದರೆ ಇರುತ್ತಿರಲಿಲ್ಲ. ‘ಒಂದೇ ನಿಮಿಷ’ ಎಂದುಕೊಂಡು ಮೈಕ್ ಎತ್ತುತ್ತಾರೆ, ಖಂಡಿತ ಎತ್ತುತ್ತಾರೆ ಎಂದು ಮನಸ್ಸು ಕುಟುಕುತ್ತಲೇ ಇತ್ತು.

ಭಾನುವಾರ ಓಲೆ ಬಿಚ್ಚಿಟ್ಟು ಕೂತೆ. ಸುಪ್ರೀತನನ್ನು ಮನೆಯಿಂದಲೇ ಆಚೆ ಅಟ್ಟಿದ್ದೆ. ಪರೀಕ್ಷೆ ಶುರುವಾಯಿತು. ಸ್ಪೀಕರಿನಲ್ಲಿ ಸದ್ದಿಲ್ಲ. ಒಂದು ಪ್ರಶ್ನೆ ಓದುವೆ, ಎಡಗಡೆಯ ಸ್ಪೀಕರ್ ನೋಡುವೆ. ಇನ್ನೊಂದು ಓದುವೆ, ಮತ್ತೆ ನೋಡುವೆ. ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಈಗ ಬಂದಾನು, ಈಗ ಪಿಸುಗುಟ್ಟಿಯಾನು ಎಂಬ ಭಯ. ಕುಂದಾಪುರದಲ್ಲಿ ಒಂದು ಬೆರಳು ಕುಟ್ಟುತ್ತಿದೆ, ಮೇಲೆ ಮುದುಕರು ಮೈಕಿನತ್ತ ಕೈ ಚಾಚುತ್ತಿದ್ದಾರೆ. ಇದನ್ನು ನಾನು ಕಣ್ಣಾರೆ ಕಂಡ ಹಾಗೆ ಕಂಡೆ. ತಡೆಯಲಾಗಲಿಲ್ಲ. ಮೇಜಿನ ಕೆಳಗೆ ಕಾಲು ಚಾಚಿ, ಅಲ್ಲಿನ ಪ್ಲಗ್ ಬೋರ್ಡಿನಲ್ಲಿ ಸ್ಪೀಕರಿನ ಸ್ವಿಚ್ಚನ್ನು ಹೆಬ್ಬೆರಳಲ್ಲಿ ಒತ್ತಿದೆ. ಅದರ ಕೆಂಪು ದೀಪ ಆರಿತು.

ಎಂಥ ಹಗುರ! ಹೊತ್ತ ಮೂಟೆ ಇಳಿಸಿದ ಹಾಗೆ. ಪ್ರಶ್ನೆಗಳು ಈಗ ಪ್ರಶ್ನೆಗಳಾಗಿ ಕಂಡವು. ಒಂದಾದ ಮೇಲೊಂದು ಸರಸರನೆ ಉತ್ತರಿಸಿದೆ. ಬಹಳ ವರ್ಷಗಳ ಮೇಲೆ ಮೊದಲ ಸಲ, ನನಗೆ ಇದು ಬರುತ್ತದೆ ಎಂದು ಅನ್ನಿಸಿತು.

ಪರದೆ ಕಪ್ಪಾಯಿತು.

ಬಿಳಿ ಅಕ್ಷರದಲ್ಲಿ ನಾಲ್ಕು ಸಾಲು ಮೂಡಿದವು. ಅಭ್ಯರ್ಥಿಯ ಕಣ್ಣು ಪದೇ ಪದೇ ಎಡಕ್ಕೆ ಹೋಗುತ್ತಿದ್ದುದರಿಂದ ಕೋಣೆ ತೋರಿಸುವಂತೆ ಮೂರು ಬಾರಿ ಕೇಳಲಾಯಿತು. ಉತ್ತರ ಬರಲಿಲ್ಲ. ಪರೀಕ್ಷೆ ರದ್ದಾಗಿದೆ. ಇನ್ನು ಅವಕಾಶವಿಲ್ಲ.

ಹಗಲು ಕಂಡ ಬಾವಿಗೆ ಇರುಳು ಬಿದ್ದರು ಎನ್ನುತ್ತಾರೆ. ನಾನು ಹಾಡಹಗಲೇ ಬಿದ್ದೆ. ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ತಿಳಿಯದು.

ಬೆಲ್ ಆಯಿತು. ಸುಪ್ರೀತನಲ್ಲ, ವಿಷ್ಣುಮೂರ್ತಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಪರೀಕ್ಷೆಯ ಹೊತ್ತು ಮುಗಿಯುವುದನ್ನೇ ಕಾಯುತ್ತಿದ್ದರೆಂದು ಕಾಣುತ್ತದೆ.

“ಮುಗೀತಾ? ನಾನು ಪ್ಲಗ್ಗೇ ಕಿತ್ತಿಟ್ಟಿದ್ದೆ. ಮತ್ತೆ ಕೈ ತಡೀಲಿಕ್ಕಿಲ್ಲ ಅಂತ ಇವಳನ್ನು ಎದುರಿಗೇ ಕೂರಿಸಿದ್ದೆ, ಕಾವಲಿಗೆ. ಯಜ್ಞೇಶ್ವರ ಕುಟ್ಟಿ ಕುಟ್ಟಿ ಸುಸ್ತಾಗಿರ್ಬೇಕು, ಪಾಪ. ಅದು ಹಾಳಾಗಿ ಹೋಗ್ಲಿ. ನನ್ನ ಸ್ವರ ಏನಾದ್ರೂ ಬಂತಾ?”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಿಜ ಹೇಳಲು ಬಾಯಿ ತೆರೆದೆ.

“ಇಲ್ಲ ಅಂಕಲ್” ಎಂದೆ. “ಒಂದು ಶಬ್ದಾನೂ ಬರ್ಲಿಲ್ಲ.”

ಅವರ ಮುಖ ಅರಳಿತು. ಸರಸರನೆ ಮೆಟ್ಟಿಲ ಹತ್ತಿರ ಹೋಗಿ, ಕತ್ತೆತ್ತಿ, ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದರು:

“ಉಮಾ, ಒಂದು ಶಬ್ದ ಬರ್ಲಿಲ್ಲಂತೆ! ಪಾಯಸಕ್ಕಿಡು!”