ಅಮ್ಮನ ತಲೆ ಬಾಚುವವರು ಯಾರು?

ಬೆಳಗ್ಗೆ ಡಾಕ್ಟರು ಬಂದು ಟೈಲರಮ್ಮನ ತಾಯಿಯ ನಾಡಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಪಾರ್ಶ್ವವಾಯುವಿನ ಜೊತೆಗೆ ಹೃದಯವೂ ಸೋತುಹೋಯಿತು ಎಂದು ಮೆಲ್ಲಗೆ ಹೇಳಿ ಹೊರಟರು. ಟೈಲರಮ್ಮನ ಗಂಡ ಸಮಾಧಿಯ ಜಾಗ ಗೊತ್ತುಮಾಡಲು, ಹಾಗೇ ಶವಪೆಟ್ಟಿಗೆ ಅಂಗಡಿಗೆ ಹೇಳಿಬರಲು ಸೈಕಲ್ ಹತ್ತಿದ. ಟೈಲರಮ್ಮ ಅಡುಗೆಮನೆಗೆ ಹೋಗಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಒಲೆ ಹಚ್ಚಿದಳು.

ದೊಡ್ಡಮ್ಮ ಬಾಗಿಲಲ್ಲಿ ನಿಂತು, ಯಾರಿಗೆ ಈ ನೀರು ಎಂದು ಕೇಳಿದರು.

ಅಮ್ಮನಿಗೆ ಎಂದಳು ಟೈಲರಮ್ಮ. ಮೈ ಒರೆಸಿ, ಬಟ್ಟೆ ಬದಲಿಸಿ, ತಲೆ ಬಾಚಬೇಕು.

ದೊಡ್ಡಮ್ಮ ಬೇಡ ಎಂದು ಕೈ ಆಡಿಸಿದರು. ತೀರಿಕೊಂಡದ್ದು ಅವರ ಒಬ್ಬಳೇ ತಂಗಿ. ಸುದ್ದಿ ತಿಳಿದ ಕೂಡಲೇ ಚಪ್ಪಲಿಯೂ ಇಲ್ಲದೆ ಓಡಿ ಬಂದಿದ್ದರು. ಆದರೆ ತಂಗಿ ಮಲಗಿದ್ದ ಕೋಣೆಯ ಹೊಸಿಲು ದಾಟಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲಿಂದಲೇ ಅತ್ತಿದ್ದರು. ಅವರ ಮನೆತನದಲ್ಲಿ ನಡೆದುಕೊಂಡು ಬಂದದ್ದೇ ಹಾಗೆ. ಯಾರೇ ತೀರಿಕೊಳ್ಳಲಿ, ಮನೆಯವರು ಹೊಸಿಲಿನಾಚೆ ನಿಲ್ಲಬೇಕು. ಒಳಗಿನ ಕೆಲಸವನ್ನೆಲ್ಲ ಪೆಟ್ಟಿಗೆ ಅಂಗಡಿಯವರು ಕೈಗವಸು ಹಾಕಿಕೊಂಡು ಮುಗಿಸುತ್ತಾರೆ. ಪೆಟ್ಟಿಗೆಯ ಗಾಜಿನ ಮೇಲಿಂದ ನೋಡಿದರೆ ಅದೇ ಕೊನೆಯ ದರ್ಶನ.

"ಹೆಣ ಮುಟ್ಟಿದವರು ಏಳು ದಿನ ಅಶುದ್ಧ ಅಂತ ಸತ್ಯವೇದದಲ್ಲೇ ಇದೆ ಕಣೇ. ಮುಟ್ಟಿದ ಕೈಯಲ್ಲಿ ಚರ್ಚಿಗೆ ಹೋಗೋ ಹಾಗಿಲ್ಲ. ನಾಳೆ ನಿಮ್ಮಮ್ಮನ ಪೆಟ್ಟಿಗೆ ಇಟ್ಟು ಕೊನೇ ಆರಾಧನೆ ಒಳಗೆ ನಡೀತಿರುತ್ತೆ, ನೀನು ಹೊರಗೆ ಗೇಟಿನ ಹತ್ತಿರ ನಿಂತಿರಬೇಕಾಗುತ್ತೆ. ಅದು ಆಗುತ್ತಾ ನಿನ್ನ ಕೈಲಿ?"

ಆಗದು. ಟೈಲರಮ್ಮ ಒಲೆ ಆರಿಸಿದಳು.

ಆದರೆ ಅವಳಿಗೆ ಕೂರಲೂ ಆಗಲಿಲ್ಲ. ಅಮ್ಮನಿಗೆ ಬಲಗೈ ಬಿದ್ದುಹೋದ ಮೇಲೆ ದಿನವೂ ಹೊಲಿಗೆ ಯಂತ್ರದ ಮುಂದೆ ಕೂರುವ ಮೊದಲು ಅಮ್ಮನ ತಲೆ ಬಾಚುವುದು ಅವಳ ಕೆಲಸವಾಗಿತ್ತು. ಅಮ್ಮನಿಗೆ ಆ ವಿಷಯದಲ್ಲಿ ಭಾರಿ ಗತ್ತು. ಊರಿನವರ ಬಟ್ಟೆಗೆಲ್ಲ ನೆಟ್ಟಗೆ ಹೊಲಿಗೆ ಹಾಕುತ್ತೀಯ, ಹೆತ್ತವಳ ಬೈತಲೆ ಮಾತ್ರ ಸೊಟ್ಟ ಎಂದು ಕನ್ನಡಿ ನೋಡಿಕೊಂಡು ಚುಚ್ಚುತ್ತಿದ್ದರು. ಈಗ ಆ ಕೂದಲು ದಿಂಬಿನ ಮೇಲೆ ಗಂಟುಗಂಟಾಗಿ ಹರಡಿತ್ತು. ಪೆಟ್ಟಿಗೆ ಅಂಗಡಿಯವರು ಮಧ್ಯಾಹ್ನದ ಮೇಲೆ ಬರುತ್ತಾರೆ. ಅವರು ಬಾಚುತ್ತಾರೋ ಇಲ್ಲವೋ. ಬಾಚಿದರೂ ಹೇಗೆ ಬಾಚುತ್ತಾರೋ.

ಅಷ್ಟರಲ್ಲಿ ಮಗಳು ಬಂದು ಪಕ್ಕದಲ್ಲಿ ನಿಂತಳು. ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು 'ಪ್ರಶ್ನೆಪತ್ರಿಕೆ' ಎಂದು. ಬಾಯಿ ಬಿಟ್ಟರೆ ಪ್ರಶ್ನೆ. ಅಂದೂ ಬಿಡಲಿಲ್ಲ. ಪೆಟ್ಟಿಗೆಯವರು ಮುಟ್ಟಬಹುದು, ನಾವು ಯಾಕೆ ಮುಟ್ಟಬಾರದು ಎಂದು ಕೇಳಿದಳು. ಅವರಿಗೆ ಕೈಗವಸು ಇದೆಯಲ್ಲ ಎಂದರು ದೊಡ್ಡಮ್ಮ. ಹುಡುಗಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

"ಹಾಗಾದ್ರೆ ದೊಡ್ಡಜ್ಜಿ, ನಾವೂ ಕೈಗವಸು ಹಾಕ್ಕೊಂಡ್ರೆ ದೇವರು ಸುಮ್ನಿರ್ತಾನಾ?"

ದೊಡ್ಡಮ್ಮ ಅವಳನ್ನು, ಹೋಗಿ ನೀರು ಕುಡಿ ಎಂದು ಕಳಿಸಿದರು.

ಪಾಸ್ಟರ ಹೆಂಡತಿ ಪಾಸ್ಟರಮ್ಮ ಬಂದದ್ದು ಆಗಲೇ. ನಾಳೆಯ ಆರಾಧನೆಗೆ ಯಾವ ಹಾಡು ಬೇಕೆಂದು ಕೇಳಿಕೊಂಡು ಬರಲು ಪಾಸ್ಟರು ಅವರನ್ನು ಕಳಿಸಿದ್ದರು. ಮದುವೆಗೆ ಮುಂಚೆ ಅವರು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಒಳಗೆ ಕಾಲಿಟ್ಟ ಕೂಡಲೇ ಆರಿದ ಒಲೆಯ ಮೇಲೆ ಹಬೆಯಾಡುವ ನೀರನ್ನೂ, ಕೋಣೆಯ ಹೊರಗೇ ನಿಂತಿದ್ದ ಇಬ್ಬರನ್ನೂ ನೋಡಿದರು. ಏನೋ ಸರಿಯಿಲ್ಲ ಎಂದು ಅವರಿಗೆ ತಿಳಿದುಹೋಯಿತು. ಟೈಲರಮ್ಮ ಎಲ್ಲವನ್ನೂ ಹೇಳಿದಳು. ಹೇಳಿ, ನಾಳೆ ನಾನು ಒಳಗೆ ಬರಬಹುದೋ ಇಲ್ಲವೋ ಅಷ್ಟು ಹೇಳಿಬಿಡಿ ಎಂದು ಕೇಳಿದಳು.

ಪಾಸ್ಟರಮ್ಮ ದೊಡ್ಡಮ್ಮನ ಮಾತನ್ನು ತಳ್ಳಿಹಾಕಲಿಲ್ಲ. ಹಳೆಯ ನಿಯಮದಲ್ಲಿ ಹಾಗೆ ಇರುವುದು ನಿಜವೇ ಎಂದರು. ದೊಡ್ಡಮ್ಮ, ಕೇಳಿಸಿಕೊಂಡೆಯಾ ಎನ್ನುವಂತೆ ಟೈಲರಮ್ಮನ ಕಡೆ ನೋಡಿದರು. ಪಾಸ್ಟರಮ್ಮ ಮುಂದುವರಿಸಿದರು. ಅಶುದ್ಧ ಅಂತ ಇತ್ತೇ ಹೊರತು ಪಾಪ ಅಂತ ಇರಲಿಲ್ಲ. ಸತ್ತವರನ್ನು ಹೂಳುವವರು ಯಾರಾದರೂ ಮುಟ್ಟಲೇಬೇಕಲ್ಲ. ಮುಟ್ಟಿದವರು ಕೆಲವು ದಿನ ದೂರವಿದ್ದು, ಶುದ್ಧಿ ಮಾಡಿಕೊಂಡು, ಮತ್ತೆ ಎಲ್ಲರ ಜೊತೆ ಸೇರುತ್ತಿದ್ದರು. ಬೇರೆಲ್ಲರಿಗಿಂತ ಕಟ್ಟುನಿಟ್ಟಾಗಿದ್ದ ಯಾಜಕರಿಗೂ ಅದೇ ನಿಯಮದಲ್ಲಿ ಒಂದು ಬಿಡುವು ಇತ್ತು: ಸತ್ತವರು ಅವರ ತಾಯಿಯೋ ತಂದೆಯೋ ಮಕ್ಕಳೋ ಆದರೆ ಅವರು ಹತ್ತಿರ ಹೋಗಬಹುದಾಗಿತ್ತು.

"ತಾಯಿಗೆ ಅಂತ ಬರೆದೇ ಇದೆಯಾ?" ಎಂದು ಟೈಲರಮ್ಮ ಕೇಳಿದಳು.

"ಮೊದಲ ಹೆಸರೇ ತಾಯಿದು."

ದೊಡ್ಡಮ್ಮ ಇದನ್ನು ಕೇಳಿರಲಿಲ್ಲ. ಇನ್ನೇನಿದೆ ಎಂದರು. ಸವಾಲಿನ ದನಿಯಲ್ಲಿ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ನಿಜವಾದ ಪ್ರಶ್ನೆಯೇ ಆಗಿತ್ತು.

ಪಾಸ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ಒಂದೊಂದಾಗಿ ನೆನಪಿಸಿದರು. ಯಾಕೋಬ ತೀರಿಕೊಂಡಾಗ ಮಗ ಯೋಸೇಫ ತಂದೆಯ ಮುಖದ ಮೇಲೆ ಬಿದ್ದು ಅತ್ತು ಮುದ್ದಿಟ್ಟ. ಯೇಸು ಒಬ್ಬ ವಿಧವೆಯ ಸತ್ತ ಮಗನ ಚಟ್ಟವನ್ನು ಮುಟ್ಟಿ ನಿಲ್ಲಿಸಿದರು. ಉಸಿರಿಲ್ಲದೆ ಮಲಗಿದ್ದ ಹುಡುಗಿಯ ಕೈಯನ್ನೇ ಹಿಡಿದರು. ಶಿಲುಬೆಯಿಂದ ಅವರ ದೇಹ ಇಳಿಸಿ ನಾರುಬಟ್ಟೆ ಸುತ್ತಿದವರು ಮುಟ್ಟದೆ ಸುತ್ತಿದರೇ? ಸುಗಂಧ ಹಚ್ಚಲು ಸಮಾಧಿಗೆ ಹೊರಟ ಹೆಂಗಸರು ದೂರ ನಿಂತು ಹಚ್ಚುವವರಿದ್ದರೇ? ಬಡವರಿಗೆ ಬಟ್ಟೆ ಹೊಲಿದುಕೊಡುತ್ತಿದ್ದ ತಬಿಥಾ ಎಂಬ ಹೆಂಗಸು ಸತ್ತಾಗ ಜೊತೆಯವರು ಅವಳ ಮೈ ತೊಳೆದು ಮೇಲಿನ ಕೋಣೆಯಲ್ಲಿ ಮಲಗಿಸಿದರು.

"ಅವಳೂ ಟೈಲರಾ?" ಎಂದು ಒಳಬಾಗಿಲಿನಿಂದ ಪ್ರಶ್ನೆಪತ್ರಿಕೆಯ ದನಿ ಬಂತು. ನೀರು ಕುಡಿದು ಮುಗಿದಿತ್ತು ಎಂದು ಕಾಣುತ್ತದೆ. ಬೆಳಗಿನಿಂದ ಮೊದಲ ಬಾರಿಗೆ ಟೈಲರಮ್ಮನ ಮುಖದಲ್ಲಿ ನಗು ಸುಳಿಯಿತು.

ದೊಡ್ಡಮ್ಮನಿಗೆ ಇನ್ನೊಂದು ಅನುಮಾನವಿತ್ತು. ಸತ್ತವರನ್ನು ಮುಟ್ಟುವುದು ಎಂದರೆ ಸತ್ತವರ ಆತ್ಮದ ಜೊತೆ ಸಂಬಂಧ ಇಟ್ಟುಕೊಂಡ ಹಾಗಲ್ಲವೇ, ಅದನ್ನು ದೇವರು ಬೇಡ ಎಂದಿಲ್ಲವೇ ಎಂದು ಕೇಳಿದರು. ಪಾಸ್ಟರಮ್ಮ, ಬೇಡ ಎಂದಿರುವುದು ಸತ್ತವರನ್ನು ಕರೆದು ಮಾತಾಡಿಸಿ ಅವರಿಂದ ಭವಿಷ್ಯ ಕೇಳುವುದನ್ನು ಎಂದರು. ಕೆನ್ನೆ ಸವರುವುದು ಯಾರನ್ನೂ ಕರೆಯುವುದಲ್ಲ. ನಮ್ಮ ನಂಬಿಕೆಯಲ್ಲಿ ದೇಹ ಬಿಸಾಡುವ ಚೀಲವಲ್ಲ, ದೇವರು ಮತ್ತೆ ಎಬ್ಬಿಸುತ್ತೇನೆ ಎಂದು ಮಾತು ಕೊಟ್ಟ ದೇಹ. ಅದಕ್ಕೇ ಅದಕ್ಕೆ ಮರ್ಯಾದೆ. ಕೆಲವು ಕ್ರೈಸ್ತ ಸಭೆಗಳಲ್ಲಿ ಕೊನೆಯ ಮುತ್ತು ಕೊಡುವುದು ಆರಾಧನೆಯ ಭಾಗವೇ ಆಗಿದೆ. ಕೆಲವರು ಪೆಟ್ಟಿಗೆ ಮುಚ್ಚಿಯೇ ಇಡುತ್ತಾರೆ. ಎರಡರಲ್ಲೂ ತಪ್ಪಿಲ್ಲ. ಆ ಹಳೆಯ ಶುದ್ಧಿಯ ನಿಯಮ ಈಗ ನಮಗಿಲ್ಲ, ಮುಟ್ಟಿದವರೂ ನಾಳೆ ಒಳಗೆ ಬರಬಹುದು.

ಇಷ್ಟು ಹೇಳಿ ಅವರು ತಮಗೇ ಕುತೂಹಲವಾಗಿ, ಈ ಹೊಸಿಲಿನ ಪದ್ಧತಿ ನಿಮ್ಮಲ್ಲಿ ಯಾವಾಗ ಶುರುವಾಯಿತು ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಇಂಥದ್ದನ್ನು ಬೇರೆ ಯಾವ ಮನೆಯಲ್ಲೂ ಅವರು ನೋಡಿರಲಿಲ್ಲ.

ದೊಡ್ಡಮ್ಮ ಹೊಸಿಲಿನ ಕಡೆ ನೋಡಿದರು. ಆಮೇಲೆ, ನಮ್ಮಮ್ಮ ಸತ್ತ ದಿನ ಎಂದರು.

ಆಗ ಅವರು ತೀರಾ ಚಿಕ್ಕವರು. ಬೀದಿಯಲ್ಲಿ ವಾಂತಿಭೇದಿ ಎದ್ದಿತ್ತು. ಬಾಗಿಲುಗಳ ಮುಂದೆ ಸುಣ್ಣದ ಪುಡಿ ಚೆಲ್ಲಿದ್ದರು. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸ ಬಿಟ್ಟು ಮನೆಯಲ್ಲೇ ಉಳಿದಿದ್ದರು. ಕೂಸಾಗಿದ್ದ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡು ಇವರು ಅಮ್ಮನ ಕೋಣೆಗೆ ನುಗ್ಗಲು ಹೋದಾಗ ಅಪ್ಪ ಹೊಸಿಲಲ್ಲೇ ತಡೆದರು. ಎಷ್ಟು ಒದ್ದಾಡಿದರೂ ಬಿಡಲಿಲ್ಲ. ಅಮ್ಮನನ್ನು ಮುಟ್ಟಿದರೆ ದೇವರು ಮೆಚ್ಚುವುದಿಲ್ಲ ಎಂದರು. ಆ ಮಾತಿಗೆ ಇವರು ನಿಂತರು. ಮುಂದೆ ದೊಡ್ಡವರಾಗಿ ಸತ್ಯವೇದ ಓದುವಾಗ ಏಳು ದಿನದ ಮಾತು ಕಣ್ಣಿಗೆ ಬಿತ್ತು. ಅಪ್ಪ ಹೇಳಿದ್ದು ಇದನ್ನೇ ಎಂದು ಅಲ್ಲಿಗೆ ಗಟ್ಟಿಮಾಡಿಕೊಂಡರು. ಆಮೇಲೆ ಮನೆಯಲ್ಲಿ ಯಾರು ತೀರಿಕೊಂಡರೂ ಹೊಸಿಲಲ್ಲಿ ನಿಂತು ತಡೆದದ್ದು ಇವರೇ.

ಪಾಸ್ಟರಮ್ಮ ಮೆಲ್ಲಗೆ ಮಾತಾಡಿದರು. "ಆ ಕಾಯಿಲೆಯಲ್ಲಿ ಸತ್ತವರ ಮೈಯಿಂದ, ಬಟ್ಟೆಯಿಂದ ರೋಗ ಹರಡುತ್ತೆ ದೊಡ್ಡಮ್ಮ. ಅಷ್ಟು ಚಿಕ್ಕ ಮಗುಗೆ ಅದನ್ನೆಲ್ಲ ಹೇಗೆ ಹೇಳ್ತಾರೆ? ಯಾವ ಮಾತಿಗೆ ನೀವು ನಿಲ್ತೀರೋ ಆ ಮಾತು ಹೇಳಿದ್ರು. ಅದರಿಂದ ನೀವೂ ಉಳಿದ್ರಿ, ಸೊಂಟದ ಮೇಲಿದ್ದ ಕೂಸೂ ಉಳೀತು."

"ಹಾಗಾದ್ರೆ ನಮ್ಮಪ್ಪ ಸುಳ್ಳು ಹೇಳಿದ್ರಾ?"

"ಭಯಪಟ್ಟಿದ್ರು ಅಷ್ಟೆ. ನಿಮ್ಮನ್ನೂ ಕಳ್ಕೊಂಡುಬಿಡ್ತೀನೇನೋ ಅಂತ."

ದೊಡ್ಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಯಾರೂ ಅವರನ್ನು ಅವಸರಪಡಿಸಲಿಲ್ಲ. ಟೈಲರಮ್ಮ ಎದ್ದು ಮತ್ತೆ ಒಲೆ ಹಚ್ಚಿದಳು.

ಕೆಲಸ ಶುರುಮಾಡುವ ಮೊದಲು ಪಾಸ್ಟರಮ್ಮ ಕೆಲವು ವಿಷಯ ಕೇಳಿ ತಿಳಿದುಕೊಂಡರು. ಅಂಟುಕಾಯಿಲೆ ಇರಲಿಲ್ಲ ಎಂದು ಡಾಕ್ಟರು ಹೇಳಿದ್ದಾರೆಯೇ? ಹೇಳಿದ್ದರು. ಯಾರ ಕೈಯಲ್ಲಾದರೂ ಗಾಯ ಇದೆಯೇ? ಟೈಲರಮ್ಮನ ಬೆರಳಲ್ಲಿ ನಿನ್ನೆ ಸೂಜಿ ಚುಚ್ಚಿದ ಗಾಯವಿತ್ತು. ಅದಕ್ಕೆ ಪಟ್ಟಿ ಅಂಟಿಸಿ, ಮೈ ಒರೆಸುವಾಗ ಮಾತ್ರ ತೆಳು ಕೈಗವಸು ಹಾಕಿಸಿದರು. ದೇವರಿಗಲ್ಲ, ಗಾಯಕ್ಕೆ ಎಂದು ಹುಡುಗಿಯ ಕಡೆ ತಿರುಗಿ ಹೇಳಿದರು. ಹೊತ್ತು ಹೋದ ಹಾಗೆ ಮೈ ಸೆಟೆದುಕೊಳ್ಳುತ್ತದೆ, ಆಮೇಲೆ ರವಿಕೆಗೆ ತೋಳು ತೂರಿಸುವುದು ಕಷ್ಟ, ಆದ್ದರಿಂದ ತಡಮಾಡಬಾರದು ಎಂದರು. ತೆರೆದುಕೊಂಡಿದ್ದ ಬಾಯಿ ಮುಚ್ಚಲು ಗಲ್ಲದ ಕೆಳಗೆ ಟವೆಲ್ ಸುರುಳಿ ಇಟ್ಟರು.

ಹುಡುಗಿಗೆ ತಾನೂ ಮುಟ್ಟಬೇಕು ಎನಿಸಿತು. ಪಾಸ್ಟರಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಜ್ಜಿ ನಿದ್ದೆ ಮಾಡುತ್ತಿಲ್ಲ, ತೀರಿಕೊಂಡಿದ್ದಾಳೆ, ಅವಳಿಗೆ ಈಗ ನೋವಾಗುವುದಿಲ್ಲ, ಕೈ ತಣ್ಣಗಿರುತ್ತದೆ, ಬೇಡ ಎನಿಸಿದರೆ ಬಿಟ್ಟುಬಿಡಬಹುದು ಎಂದು ಮೊದಲೇ ಹೇಳಿದರು. ಹುಡುಗಿ ಒಂದು ಬೆರಳಿಂದ ಅಜ್ಜಿಯ ಮುಂಗೈ ಮುಟ್ಟಿದಳು. ಬೆಳಗಿನ ಹೊತ್ತು ಮೊಸಾಯಿಕ್ ನೆಲ ಇರುವ ಹಾಗಿದೆ ಎಂದಳು. ಆಮೇಲೆ ಇಡೀ ಅಂಗೈ ಇಟ್ಟಳು.

ಬಟ್ಟೆ ಬದಲಿಸಿಯಾಯಿತು. ಟೈಲರಮ್ಮ ಬಾಚಣಿಗೆ ಹಿಡಿದು ತಲೆಯ ಬಳಿ ಕೂತಳು. ಮುಂದಿನ ಕೂದಲು ಬಿಡಿಸಿಕೊಂಡಿತು, ಹಿಂದಿನದಕ್ಕೆ ತಲೆ ಎತ್ತಬೇಕು. ಬದುಕಿದ್ದಾಗ ಅಮ್ಮ ತಾವೇ ಎತ್ತಿಕೊಡುತ್ತಿದ್ದರು. ಈಗ ಒಬ್ಬಳ ಕೈಲಿ ಆಗದು. ಪಾಸ್ಟರಮ್ಮ ಮುಂದೆ ಬಂದರು.

"ನೀವು ಬಿಡಿ," ಎಂದರು ದೊಡ್ಡಮ್ಮ. "ನಾನು ಹಿಡ್ಕೋತೀನಿ."

ಅವರು ಹೊಸಿಲು ದಾಟಿ ಬಂದರು. ಮಂಚದ ತುದಿಯಲ್ಲಿ ಕೂತು, ಎರಡು ಅಂಗೈಗಳನ್ನೂ ತಂಗಿಯ ಕತ್ತಿನ ಕೆಳಗೆ ತೂರಿಸಿ ತಲೆಯನ್ನು ಮೆಲ್ಲಗೆ ಎತ್ತಿದರು. ಇಷ್ಟು ಭಾರ ಯಾವಾಗ ಆದಳು ಇವಳು ಎಂದರು. ಟೈಲರಮ್ಮ ಗಂಟುಗಳನ್ನು ಒಂದೊಂದಾಗಿ ಬಿಡಿಸಿದಳು. ಜಡೆ ಮುಗಿಯುವವರೆಗೂ ದೊಡ್ಡಮ್ಮ ಕೈ ತೆಗೆಯಲಿಲ್ಲ.

ಎಲ್ಲರೂ ಸೋಪು ಹಚ್ಚಿ ಕೈ ತೊಳೆದುಕೊಳ್ಳುವಾಗ ದೊಡ್ಡಮ್ಮ ನಲ್ಲಿಯ ಬಳಿ ನಿಂತು ಕೇಳಿದರು: "ನಮ್ಮಮ್ಮನನ್ನ ನಾನು ಮುಟ್ಟಲೇ ಇಲ್ಲವಲ್ಲ. ಅದರಿಂದ ನನ್ನ ಪ್ರೀತಿ ಕಡಿಮೆಯಾಯ್ತಾ?"

"ಇಲ್ಲ," ಎಂದರು ಪಾಸ್ಟರಮ್ಮ. "ಮುಟ್ಟೋಕೆ ಆಗದೆ ಹೋದವರ ಪ್ರೀತಿ ಕಡಿಮೆ ಅಂತ ದೇವರ ಹತ್ತಿರ ಲೆಕ್ಕ ಇಲ್ಲ."

ಮರುದಿನ ದೇವಾಲಯದ ಬಾಗಿಲಲ್ಲಿ ಪಾಸ್ಟರು ಟೈಲರಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡರು. ಅವಳ ಹಿಂದೆಯೇ ದೊಡ್ಡಮ್ಮ ನಡೆದು ಹೋಗಿ ಮುಂದಿನ ಬೆಂಚಿನಲ್ಲಿ ಕೂತರು.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ದಿನ ಬರುತ್ತದೆ. ಆ ದಿನ ಭಯದಿಂದ ತೀರ್ಮಾನ ಮಾಡಬೇಡಿ, ಕೇಳಿ ಮಾಡಿ. ಕಾಯಿಲೆ ಅಂಟುವಂಥದ್ದೇ ಎಂದು ಡಾಕ್ಟರನ್ನೋ ನರ್ಸನ್ನೋ ಕೇಳಿ. ಹೌದು ಎಂದರೆ ಅವರು ಹೇಳಿದಂತೆ ನಡೆದುಕೊಳ್ಳಿ, ದೂರದಿಂದ ಪ್ರಾರ್ಥಿಸಿದರೂ ಅದು ಪ್ರಾರ್ಥನೆಯೇ. ಅಲ್ಲ ಎಂದರೆ, ಗಾಯ ಮುಚ್ಚಿಕೊಂಡು, ಆಮೇಲೆ ಸೋಪಿನಲ್ಲಿ ಕೈ ತೊಳೆದುಕೊಂಡರೆ ಸಾಕು. ನಂಬಿಕೆಯ ಅನುಮಾನವಿದ್ದರೆ ನಿಮ್ಮ ಸಭೆಯ ಪಾಸ್ಟರನ್ನೋ ಫಾದರನ್ನೋ ಆ ಹೊತ್ತಿನಲ್ಲೇ ಕೇಳಿ, ಸಂಕೋಚ ಬೇಡ. ಮಕ್ಕಳಿಗೆ ನಿಜ ಹೇಳಿ. ಮುಟ್ಟಲು ಮನಸ್ಸಿಲ್ಲದವರನ್ನು ಎಳೆದು ತರಬೇಡಿ. ಮುಟ್ಟಬೇಕು ಎನ್ನುವವರಿಗೆ ಪಾಪದ ಹೆದರಿಕೆ ಹುಟ್ಟಿಸಬೇಡಿ. ಮಣ್ಣಾದ ಮೇಲೆ ಆ ಹೊತ್ತು ಮತ್ತೆ ಸಿಗುವುದಿಲ್ಲ. ನಿಮ್ಮ ಪಕ್ಕದಲ್ಲಿ ಯಾರಾದರೂ ಒಳಗೆ ಹೋಗಲೋ ಬೇಡವೋ ಎಂದು ನಿಂತಿದ್ದರೆ, ಜೊತೆಗೆ ನಾನು ಬರಲಾ ಎಂದು ಕೇಳಿ.