ಒಡೆಯಲಿಕ್ಕೆಂದು ತಂದ ಬಳೆಗಳು

ಅಂತ್ಯಸಂಸ್ಕಾರದ ಮರುದಿನ ಬೆಳಿಗ್ಗೆ ಮನೆ ಗುಡಿಸಿದೆ. ಸೋಫಾದ ಅಡಿಯಿಂದ ಎಂದಿನಂತೆ ಒಂದು ಗಾಜಿನ ಚೂರು ಬಂತು. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಬಿಳಿ ಗಾಜು, ಟ್ಯೂಬ್‌ಲೈಟಿನದು. ಕಸದೊಂದಿಗೆ ಎತ್ತಿದೆ. ಹಾಲು ಕಾಯಿಸಿದೆ. ದೋಹಾದ ಈ ಅಲ್ ಥುಮಾಮಾ ಬಡಾವಣೆಯ ಮೇಲೆ ವಿಮಾನಗಳು ತಗ್ಗಾಗಿ ಹಾದುಹೋಗುತ್ತಿದ್ದವು.

ಅಂತ್ಯಸಂಸ್ಕಾರವನ್ನು ನಾನು ಫೋನಿನಲ್ಲಿ ನೋಡಿದೆ. ನನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು. ತುರ್ತು ಪ್ರಯಾಣಪತ್ರ ಕೈಗೆ ಬರುವಷ್ಟರಲ್ಲಿ ನನ್ನ ಗಂಡ ಯಜ್ಞೇಶನನ್ನು ಹೊತ್ತ ವಿಮಾನ ಮಂಗಳೂರು ಮುಟ್ಟಿತ್ತು. ಕಟಪಾಡಿಯ ಮನೆಯ ಅಂಗಳ, ಅತ್ತೆಯ ಬೆನ್ನು, ಹೊಗೆ. ನಡುವೆ ಎರಡು ಸಲ ಚಿತ್ರ ನಿಂತುಹೋಯಿತು.

ಯಜ್ಞೇಶ್ ಇಲ್ಲಿನ ಕಂಪನಿಯೊಂದರಲ್ಲಿ ಕಟ್ಟಡಗಳ ವಿದ್ಯುದ್ದೀಪದ ಕೆಲಸ ನೋಡಿಕೊಳ್ಳುತ್ತಿದ್ದ. ರಜೆ ಸಿಕ್ಕಾಗ ಜಪಾನಿಗೋ ಜರ್ಮನಿಗೋ ಹೋಗಿ ಡೆತ್‌ಮ್ಯಾಚ್ ಆಡುತ್ತಿದ್ದ. ಡೆತ್‌ಮ್ಯಾಚ್ ಎಂದರೆ ಟ್ಯೂಬ್‌ಲೈಟು, ಮುಳ್ಳುತಂತಿ, ಡ್ರಾಯಿಂಗ್ ಪಿನ್ನುಗಳ ನಡುವೆ ಆಡುವ ಕುಸ್ತಿ. ಯಾರು ಗೆಲ್ಲಬೇಕೆಂದು ಮೊದಲೇ ಮಾತಾಗಿರುತ್ತದೆ. ರಕ್ತ ಮಾತ್ರ ನಿಜ. ಅವನು ಯಾವ ತಂಡಕ್ಕೂ ಸೇರಿದವನಲ್ಲ. ಕರೆದಲ್ಲಿಗೆ ತನ್ನ ಬ್ಯಾಗು ತಾನೇ ಹೊತ್ತು ಹೋಗುವ ಸ್ವತಂತ್ರ ಆಟಗಾರ. ಅಭ್ಯಾಸ ಈ ಮನೆಯಲ್ಲೇ ಮಾಡುತ್ತಿದ್ದ. ಊರಿನಲ್ಲಿ ಅವನನ್ನು ‘ಮರ್ಲೆ’ ಎನ್ನುತ್ತಿದ್ದರು, ತುಳುವಿನಲ್ಲಿ ಹುಚ್ಚ ಎಂದು. ಅದನ್ನೇ ರಿಂಗಿನ ಹೆಸರು ಮಾಡಿಕೊಂಡ. ಒಸಾಕದ ಒಂದು ಸಣ್ಣ ಸಭಾಂಗಣದಲ್ಲಿ ಮುದುಕಿಯೊಬ್ಬಳು ಎದ್ದು ನಿಂತು “ಮಾರುರೇ! ಮಾರುರೇ!” ಎಂದು ಜಪಾನೀ ನಾಲಿಗೆಯಲ್ಲಿ ಕೂಗಿದ್ದನ್ನು ನಾನೇ ಕೇಳಿದ್ದೇನೆ. ಕಟಪಾಡಿಯ ಬೈಗುಳ ಅಲ್ಲಿ ಜಯಕಾರವಾಗಿತ್ತು.

ಅವನನ್ನು ಕೊಂದದ್ದು ಗಾಜಲ್ಲ. ಒಂದು ಮಧ್ಯಾಹ್ನ ಕಚೇರಿಯ ಪಾರ್ಕಿಂಗಿನಲ್ಲಿ ಹೃದಯ ನಿಂತಿತು. ಹುಟ್ಟಿನಿಂದ ಇದ್ದ ದೋಷವೆಂದರು ವೈದ್ಯರು.

ಹಾಲು ಆರುವ ಮೊದಲೇ ಪೂವಕ್ಕ ದೊಡ್ಡಮ್ಮ ಬಂದರು. ಅವರು ನನ್ನ ಅತ್ತೆಯ ಅಕ್ಕ. ಇಲ್ಲೇ ಹತ್ತಿರದ ಅಬು ಹಮೂರಿನಲ್ಲಿ ಮಗ ಸಂಜಯನ ಜೊತೆ ಇದ್ದಾರೆ. ಗಂಜಿ ತಂದಿದ್ದರು. ಪಕ್ಕದಲ್ಲಿ ಕುಳಿತು ತಾವೇ ತಿನ್ನಿಸಿದರು.

“ತಿನ್ನು ಮಗಾ. ಅಳಲಿಕ್ಕೂ ಶಕ್ತಿ ಬೇಡವಾ?”

“ಅಳು ಬರುವುದಿಲ್ಲ ದೊಡ್ಡಮ್ಮ.”

“ಬೊಜ್ಜದ ದಿನ ಬರ್ತದೆ.” ಬೊಜ್ಜ ಎಂದರೆ ಊರಿನಲ್ಲಿ ಮಾಡುವ ಉತ್ತರಕ್ರಿಯೆ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಕೈಯಲ್ಲಿ ಗಡಿಯಾರ ಒಂದೇ ಇತ್ತು. “ಬಳೆ ಎಲ್ಲಿ?”

“ಹಾಕುವುದಿಲ್ಲ. ಆಫೀಸಿನಲ್ಲಿ ಟೈಪ್ ಮಾಡುವಾಗ ತೊಡಕು.”

“ಹಾಗಾದರೆ ಎಂತದನ್ನು ಒಡೆಯುವುದು?” ಅವರಿಗೆ ನಿಜವಾಗಿಯೂ ಚಿಂತೆಯಾಯಿತು. “ಇರಲಿ. ನಾನು ತರ್ತೇನೆ. ಕೈತುಂಬ ಹಾಕಿ, ಹೂ ಮುಡಿಸಿ, ಮತ್ತೆ ಒಡೆಯುವುದು. ಅದೇ ಕ್ರಮ. ಊರಿನವರು ವಿಡಿಯೋದಲ್ಲಿ ನೋಡ್ತಾರೆ.”

ಬಾಗಿಲಲ್ಲಿ ನಿಂತಿದ್ದ ಸಂಜಯ್, “ಅಮ್ಮಾ, ಅವನು ಹೋಗಿ ಆಯ್ತು, ಖಲಾಸ್. ಇಲ್ಲಿ ಇದೆಲ್ಲ ಎಂತಕ್ಕೆ?” ಎಂದ.

“ನೀನು ಕಾರಿನ ಎಸಿ ಹಾಕು, ಹೋಗು. ಗಂಡಸರು ಮಾತಾಡುವ ವಿಷಯ ಅಲ್ಲ ಇದು.”

ಅವನು ಹೋದ.

ಬಳೆ ಒಡೆಯುವ ಮಾತನ್ನು ನಾನು ಮೊದಲು ಕೇಳಿದ್ದು ಯಜ್ಞೇಶನ ಬಾಯಿಂದ. ಒಸಾಕದಲ್ಲೇ ಆಟದ ವ್ಯವಸ್ಥಾಪಕ ಅವನಿಗೊಂದು ಉಪಾಯ ಹೇಳಿದ್ದ. ಹಲಗೆಯ ತುಂಬ ಗಾಜಿನ ಬಳೆ ಅಂಟಿಸೋಣ, ನೀನು ಅದರ ಮೇಲೆ ಬೀಳು, ನಿಮ್ಮ ದೇಶದ ವಸ್ತು, ಜನ ಹುಚ್ಚೆದ್ದು ನೋಡುತ್ತಾರೆ. ಯಜ್ಞೇಶ್ ಒಲ್ಲೆ ಎಂದ. ಅಂದಿನ ಮುಖ್ಯ ಆಟವನ್ನು ಬೇರೆಯವನಿಗೆ ಕೊಟ್ಟರು. ಅವನು ಮೊದಲ ಆಟ ಆಡಿ, ಬೆನ್ನ ತುಂಬ ಟ್ಯೂಬ್‌ಲೈಟು ಒಡೆಸಿಕೊಂಡು, ನಗುತ್ತಾ ಬಂದ.

“ಗಾಜು ಗಾಜೇ ಅಲ್ಲವಾ? ಅದಾಗುತ್ತದೆ, ಇದು ಯಾಕಾಗುವುದಿಲ್ಲ?” ಎಂದು ಕೇಳಿದೆ.

ಅವನು ಬಲ ಅಂಗೈ ತೋರಿಸಿದ. ಹೆಬ್ಬೆರಳ ಬುಡದಲ್ಲಿ ಒಂದು ಹಳೆಯ ಗೆರೆ. ಅವನ ಮೈಮೇಲೆ ಎಷ್ಟೋ ಗಾಯಗಳಿದ್ದವು. ಪ್ರತಿಯೊಂದಕ್ಕೂ ಒಂದು ಊರು, ಒಂದು ಕತೆ, ಒಂದು ನಗು ಇತ್ತು. ಇದರ ಕತೆಯನ್ನು ಮಾತ್ರ ಅವನು ಅಂದಿನವರೆಗೆ ಹೇಳಿರಲಿಲ್ಲ.

ಅಪ್ಪ ಸತ್ತಾಗ ಅವನು ಇನ್ನೂ ಶಾಲೆಗೆ ಸೇರಿರಲಿಲ್ಲ. ಹೆಂಗಸರು ಅಮ್ಮನನ್ನು ಬಾವಿಕಟ್ಟೆಯಲ್ಲಿ ಕೂರಿಸಿದರು. ಬಳೆ ತೊಡಿಸುವಾಗ ಏನೋ ಹಬ್ಬವೆಂದು ಅವನು ಹತ್ತಿರ ಹೋದ. ಕಲ್ಲು ಎತ್ತಿದ್ದು ಕಂಡು ನಡುವೆ ಕೈ ಇಟ್ಟ.

“ನನ್ನ ಮೊದಲ ಡೆತ್‌ಮ್ಯಾಚ್ ಅದು. ನಾನು ರಿಂಗಿನಲ್ಲಿ ಹರಿಸುವ ರಕ್ತ ನನ್ನದು, ಅದನ್ನು ಕೊಡುವವನೂ ನಾನೇ. ಅಮ್ಮನನ್ನು ಯಾರು ಕೇಳಿದರು?”

ಅವರ ಆಟದಲ್ಲಿ ಒಂದು ಕ್ರಮವಿದೆ. ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಏಟಿಗೆ ಮೊದಲು ಎದುರಾಳಿಯ ಕೈಯನ್ನು ಒಮ್ಮೆ ಒತ್ತುತ್ತಾರೆ. ‘ಸರಿಯಿದ್ದೀಯಾ?’ ಎಂದು ಅದರ ಅರ್ಥ. ಅವನು ಮರಳಿ ಒತ್ತಿದರೆ ಆಟ ಮುಂದುವರಿಯುತ್ತದೆ. ಒತ್ತದಿದ್ದರೆ, ಜನ ಎಷ್ಟೇ ಕೂಗಲಿ, ಅಲ್ಲಿಗೆ ನಿಲ್ಲಬೇಕು. ಯಜ್ಞೇಶ್ ಹಾಗೆ ಆಟ ನಿಲ್ಲಿಸಿದ್ದೂ ಉಂಟು. ಜನ ಬಾಟಲಿ ಎಸೆದರು. ಅವನು ಎದುರಾಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಇಳಿದು ಬಂದ. ನಾನು ಅವನನ್ನು ಮೆಚ್ಚಿದ್ದು ಅವನ ಧೈರ್ಯಕ್ಕಲ್ಲ, ಆ ಒತ್ತುವಿಕೆಗೆ.

ಬೊಜ್ಜದ ದಿನ ದೊಡ್ಡಮ್ಮ ಹಸಿರು ಬಳೆ, ಮಲ್ಲಿಗೆ, ಕುಂಕುಮ ತಂದರು. ಸಂಜಯ್ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿಟ್ಟ. ಪರದೆಯಲ್ಲಿ ಕಟಪಾಡಿಯ ಚಾವಡಿ, ನೆಂಟರು, ಮೂಲೆಯಲ್ಲಿ ಅತ್ತೆ. ಬರಿಗೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

ದೊಡ್ಡಮ್ಮ ಅಡುಗೆಮನೆಯಲ್ಲಿ ಕಲ್ಲು ಹುಡುಕಿದರು. ದೋಹಾದ ಬಾಡಿಗೆ ಮನೆಯಲ್ಲಿ ಕಲ್ಲೆಲ್ಲಿಂದ ಬರಬೇಕು? ಕೊನೆಗೆ ಶುಂಠಿ ಜಜ್ಜುವ ಗುಂಡನ್ನು ತೊಳೆದು ತಂದರು. ನನ್ನ ತಲೆ ಬಾಚಿ ಹೂ ಮುಡಿಸಿದರು. ಬೆರಳು ಒಟ್ಟುಮಾಡಿ, ನೋವಾಗದಂತೆ ಸೋಪುನೀರು ಹಚ್ಚಿ, ಒಂದೊಂದೇ ಬಳೆ ಏರಿಸಿದರು. ಮದುಮಗಳಿಗೂ ಯಾರೂ ಅಷ್ಟು ಮೃದುವಾಗಿ ತೊಡಿಸಿರಲಾರರು.

“ಚಂದ ಉಂಟು ಕೈ,” ಎಂದರು. ಮತ್ತೆ, “ನೆಲದ ಮೇಲೆ ಇಡು,” ಎಂದರು.

“ದೊಡ್ಡಮ್ಮ, ಇದಕ್ಕೆ ನನ್ನ ಒಪ್ಪಿಗೆಯಿಲ್ಲ.”

“ನಿನ್ನ ಒಪ್ಪಿಗೆ ಯಾರು ಕೇಳಿದ್ದು?”

“ಅದನ್ನೇ ಹೇಳುತ್ತಿದ್ದೇನೆ. ಯಾರೂ ಕೇಳಲಿಲ್ಲ.”

ಫೋನಿನಿಂದ ಯಾರೋ ಗಂಡಸಿನ ಸ್ವರ ಬಂತು: “ಎಂತ ಹೇಳ್ತಾಳೆ ಅವಳು? ಓದಿದವಳಲ್ಲವಾ, ಹೇಳ್ತಾಳೆ ಹೇಳ್ತಾಳೆ. ಬೇಗ ಮುಗಿಸಿ ಪೂವಕ್ಕ, ಊಟಕ್ಕೆ ಹೊತ್ತಾಯ್ತು.”

“ಕೇಳು ಯಶ್ಮಿತಾ,” ದೊಡ್ಡಮ್ಮ ಸ್ವರ ತಗ್ಗಿಸಿದರು. “ನಾಳೆ ಯಾರಾದರೂ ಸತ್ತರೆ, ಯಾರದ್ದಾದರೂ ಕೆಲಸ ಹೋದರೆ, ನಿನ್ನ ಹೆಸರು ಹೇಳ್ತಾರೆ. ಈ ಬಾಯಿಗಳು ನನಗೆ ಗೊತ್ತುಂಟು. ಒಂದು ಕ್ಷಣದ ನೋವು. ಆಮೇಲೆ ಯಾರೂ ನಿನ್ನ ಸುದ್ದಿಗೆ ಬರುದಿಲ್ಲ.”

“ಆಮೇಲೆ ಯಾರೂ ನನ್ನ ಮನೆಗೂ ಬರುವುದಿಲ್ಲ. ಮದುವೆಗೆ ಕರೆಯುವುದಿಲ್ಲ. ಕರೆದರೂ ಹಿಂದೆ ಕೂರಿಸುತ್ತಾರೆ. ಸಂಜಯನ ಮದುವೆಯಲ್ಲಿ ನಿಮ್ಮನ್ನು ಎಲ್ಲಿ ಕೂರಿಸಿದರು ದೊಡ್ಡಮ್ಮ?”

ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. ಆ ಹಿಡಿತ ಸಡಿಲವಾಗಿ ಒಮ್ಮೆ ಒತ್ತುತ್ತದೆಯೇ ಎಂದು ನಾನು ಕಾದೆ. ಯಾಕೆ ಕಾದೆನೋ ಗೊತ್ತಿಲ್ಲ. ಗುಂಡು ಬಿತ್ತು. ಎರಡು ಬಳೆ ಒಡೆದವು. ಒಂದರ ಚೂರು ಮಣಿಕಟ್ಟಿಗೆ ಹೊಕ್ಕಿತು.

ಕೈ ಎಳೆದುಕೊಂಡು ಎದ್ದು ನಿಂತೆ. “ಇಷ್ಟು ಸಾಕು. ಉಳಿದವು ನನ್ನ ಕೈಯಲ್ಲೇ ಇರುತ್ತವೆ.”

“ಕುಳಿತುಕೋ!”

“ಅಕ್ಕ, ಬುಡ್ಲೆ!”

ಅತ್ತೆಯ ಸ್ವರ. ಬಿಡಿ ಎಂದು. ಪರದೆಯಲ್ಲಿ ಅವರೂ ಎದ್ದು ನಿಂತಿದ್ದರು. ಮುಖ ಕಾಣುತ್ತಿರಲಿಲ್ಲ, ಬರಿಗೈಗಳೆರಡು ಕಾಣುತ್ತಿದ್ದವು.

“ನಿನ್ನದನ್ನು ಒಡೆದದ್ದೂ ನಾನೇ,” ದೊಡ್ಡಮ್ಮ ಫೋನಿನತ್ತ ತಿರುಗಿದರು. “ಆವತ್ತು ನೀನು ಮಾತಾಡಿದೆಯಾ?”

“ನಾನು ಮಾತಾಡಲಿಲ್ಲ ಅಕ್ಕ. ನನ್ನ ಮಗ ಕೈ ಇಟ್ಟ. ಅವನ ಕೈಯಲ್ಲಿ ರಕ್ತ ಬಂದದ್ದು ನೀವು ನೋಡಲಿಲ್ಲ. ಅವನಿಲ್ಲ ಈಗ. ಅವನ ಕೈ ನಾನು ಇಡ್ತೇನೆ.”

ಚಾವಡಿಯಲ್ಲಿ ಗದ್ದಲವೆದ್ದಿತು. ಸಂಜಯ್ ಬಂದು ಫೋನ್ ಆರಿಸಿದ. ಈ ಸಲ ಅವನನ್ನು ಯಾರೂ ಹೊರಗೆ ಕಳಿಸಲಿಲ್ಲ.

ದೊಡ್ಡಮ್ಮ ನೆಲದ ಮೇಲೆ ಕುಳಿತೇ ಇದ್ದರು. ಗುಂಡು ಮಡಿಲಲ್ಲಿತ್ತು. “ನನ್ನದನ್ನು ಒಡೆಯುವಾಗ ನನ್ನನ್ನು ಮಾತ್ರ ಯಾರು ಕೇಳಿದರು?” ಎಂದರು. ಅದು ನನಗೆ ಹೇಳಿದ್ದಲ್ಲ.

ನಾನು ಪಕ್ಕದಲ್ಲಿ ಕುಳಿತು ಅವರ ಕೈಯನ್ನು ಒಮ್ಮೆ ಒತ್ತಿದೆ. ಅವರು ಮರಳಿ ಒತ್ತಲಿಲ್ಲ. ಬಾಯಿಗೆ ಬಂದ ಮಾತುಗಳು ಇನ್ನೂ ಇದ್ದವು. ಅಲ್ಲಿಗೆ ನಿಲ್ಲಿಸಿದೆ. ಆಮೇಲೆ ಇಬ್ಬರೂ ಅತ್ತೆವು. ಬೊಜ್ಜದ ದಿನ ಅಳು ಬರುತ್ತದೆ ಎಂದಿದ್ದರಲ್ಲ, ಬಂತು.

ಇದನ್ನು ಓದುವ ಅಕ್ಕತಂಗಿಯರೇ, ನನ್ನ ಗಂಡನದು ಕ್ರೂರ ಆಟವೆಂದು ಎಷ್ಟೋ ಜನ ನನಗೆ ಹೇಳಿದ್ದಾರೆ. ಇರಬಹುದು. ಆದರೆ ಅಲ್ಲಿ ಕೇಳದೆ ಯಾರೂ ಯಾರ ಮೈಮೇಲೂ ಗಾಜು ಒಡೆಯುವುದಿಲ್ಲ. ನಮ್ಮ ಮನೆಗಳಲ್ಲಿ ಒಡೆಯುತ್ತಾರೆ. ಕೇಳುವುದನ್ನಾದರೂ ಕಲಿಯೋಣ.

ದೊಡ್ಡಮ್ಮ ಹೋದ ಮೇಲೆ ಯಜ್ಞೇಶನ ಬ್ಯಾಗಿನಿಂದ ಚಿಮಟ ತೆಗೆದೆ. ಅದು ಅವನದಲ್ಲ. ಕೆಳಗಿನ ಮನೆಯ ಸಿಸಿಲಿಯಾಬಾಯಿಯದು, ನಮ್ಮೂರ ಕಡೆಯ ಶಿರ್ವದವರು, ನರ್ಸ್. ಅವನ ಬೆನ್ನಿನಿಂದ ಚೂರು ತೆಗೆದುಕೊಡುತ್ತಿದ್ದರು. ‘ಪ್ರತಿ ಸಲ ನಿಮ್ಮ ಬಾಗಿಲು ಬಡಿಯುವುದು ನಾಚಿಕೆ’ ಎಂದು ಅವನು ಚಿಮಟವನ್ನೇ ಕೇಳಿ ತಂದಿಟ್ಟುಕೊಂಡಿದ್ದ. ಚೂರನ್ನು ಹೊಕ್ಕ ದಾರಿಯಲ್ಲೇ ಎಳೆಯಬೇಕು, ಓರೆ ಮಾಡಬಾರದು ಎಂದು ನನಗೂ ಕಲಿಸಿದ್ದ. ಹಾಗೆಯೇ ಎಳೆದೆ. ಹಸಿರು ಚೂರು ಬಂತು. ಚಿಮಟವನ್ನು ಬಿಸಿನೀರಿನಲ್ಲಿ ಕುದಿಸಿ, ಒರೆಸಿ, ಕೆಳಗಿಳಿದೆ.

ಸಿಸಿಲಿಯಾಬಾಯಿ ಡ್ಯೂಟಿಗೆ ಹೊರಡುತ್ತಿದ್ದರು. ನನ್ನ ಹೂ, ಬಳೆ, ಮಣಿಕಟ್ಟಿನ ಹತ್ತಿಯನ್ನು ಒಂದೊಂದಾಗಿ ನೋಡಿದರು.

“ಎಂತ ಮಾರಾಯ್ತಿ, ಮ್ಯಾಚ್ ಇತ್ತಾ?”

“ಇತ್ತು.”

“ಗೆದ್ದದ್ದು ಯಾರು?”

“ಮರ್ಲೆ,” ಎಂದೆ.

ಅವರು ಚಿಮಟ ತೆಗೆದುಕೊಳ್ಳಲು ಕೈ ಚಾಚಿದರು. “ಇಟ್ಟುಕೊಳ್ಳಬಹುದಿತ್ತಲ್ಲ. ನನ್ನ ಹತ್ರ ಬೇರೆ ಉಂಟು.”

“ಬೇಡ. ಇನ್ನು ಮನೆಯಲ್ಲಿ ಗಾಜು ಒಡೆಯುವುದಿಲ್ಲ.”

ಅವರ ಅಂಗೈಯಲ್ಲಿ ಚಿಮಟ ಇಟ್ಟೆ. ಕೈ ಹಿಂದೆಗೆಯುವಾಗ ಉಳಿದ ಬಳೆಗಳು ಸದ್ದು ಮಾಡಿದವು.