ಗಿನಿ ಮರಿಗಳ ನೀರು

ನಮ್ಮ ಮನೆಯ ಹಿಂದೆ ಎರಡು ಶೆಡ್ಡುಗಳಿವೆ. ದೊಡ್ಡದು ಮಗನದು, ಅದರಲ್ಲಿ ಮೊಟ್ಟೆ ಕೋಳಿಗಳು. ಸಣ್ಣದು ಸೊಸೆಯದು, ಅದರಲ್ಲಿ ಗಿನಿ ಕೋಳಿಗಳು. ಬೂದು ಮೈಮೇಲೆ ಬಿಳಿ ಚುಕ್ಕೆ ಚೆಲ್ಲಿದಂತಿರುವ, ಬೋಳು ತಲೆಯ ಈ ಹಕ್ಕಿಗಳ ಗಂಟಲು ಬಲು ದೊಡ್ಡದು. ಹೊಸಬರು ಗೇಟು ಮುಟ್ಟಿದರೆ ಸಾಕು, ಬೀದಿಗೆಲ್ಲ ಕೇಳಿಸುವಂತೆ ಕಿರುಚುತ್ತವೆ. ಬೆಳೆದ ಮೇಲೆ ಗಟ್ಟಿ ಜೀವ. ಮರಿಯಲ್ಲಿ ಮಾತ್ರ ಉಫ್ ಎಂದರೆ ಹೋಗುವಂಥವು.

ಹಿಂದಿನ ಸಲ ತಂದ ನೂರು ಮರಿಗಳಲ್ಲಿ ನಲವತ್ತು ಭೇದಿಯಾಗಿ ಸತ್ತವು. ಮಗ ಊಟದ ಮೇಜಿನಲ್ಲೇ ಹೇಳಿಬಿಟ್ಟ.

"ಇದೇ ಕೊನೇ ಸಲ. ಈಗ ಬರೋ ಮರಿಗಳನ್ನ ಆರು ವಾರ ನೋಡೋಣ. ಮತ್ತೆ ಹಿಂಗೇ ಆದ್ರೆ ಸಣ್ಣ ಶೆಡ್ಡಿಗೂ ಮೊಟ್ಟೆ ಕೋಳಿ ಬಿಡ್ತೀನಿ."

ಸೊಸೆ ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತಾ ಕೂತಳು. ಈ ಮನೆಗೆ ಬಂದ ಮೇಲೆ ಅವಳು ತಾನಾಗಿ ಶುರು ಮಾಡಿದ್ದು ಅದೊಂದೇ ಎಂಬುದು ನನಗೆ ಗೊತ್ತಿತ್ತು.

ಮಾರನೇ ವಾರ ಅವಳು ಪಶುವೈದ್ಯೆಯ ಹತ್ತಿರ ಹೋಗಿ ಒಂದು ಪೊಟ್ಟಣ ಬಿಳಿ ಪುಡಿ ತಂದಳು. ಪ್ರೊಬಯಾಟಿಕ್ ಅಂತೆ. ದೊಡ್ಡ ಡಬ್ಬದಿಂದ ತೆಗೆದು ಕಟ್ಟಿಕೊಟ್ಟದ್ದು, ಮೇಲೆ ಪೆನ್ನಿನಲ್ಲಿ 'ಹತ್ತು ಲೀಟರಿಗೆ ಒಂದು ಚಮಚ' ಎಂದಷ್ಟೇ ಬರೆದಿತ್ತು.

"ಒಳ್ಳೇ ಸೂಕ್ಷ್ಮಜೀವಿಗಳಂತೆ ಅತ್ತೆ. ಮರಿ ಹೊಟ್ಟೇಲಿ ಇವು ಮೊದಲು ಜಾಗ ಹಿಡಿದ್ರೆ ಕೆಟ್ಟವಕ್ಕೆ ಕೂರೋಕೆ ಜಾಗ ಇರಲ್ವಂತೆ."

"ಅಂದ್ರೆ ಕಿಟಕಿಯಿಂದ ಚೀಲ ಎಸೆದು ಸೀಟು ಹಿಡಿದ ಹಾಗೆ," ಎಂದ ಹಾರನ್.

ಹಾರನ್ ಎಂದರೆ ನನ್ನ ಮೈದುನ. ಮೂವತ್ತು ವರ್ಷ ಬಸ್ಸು ಓಡಿಸಿದವನು, ಹಾರನ್ ಒತ್ತಿದ್ದು ಅಪರೂಪ. ದಾರಿಯಲ್ಲಿ ದನ ಮಲಗಿದ್ದರೆ ಇಳಿದು ಹೋಗಿ ಎಬ್ಬಿಸಿ ಬರುತ್ತಿದ್ದನಂತೆ. ಅದಕ್ಕೇ ಜೊತೆಯವರು ಆ ಹೆಸರಿಟ್ಟರು, ಮನೆಗೂ ಬಂತು. ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಮರಿಗಳಿಗೆ ನೀರು ಕೊಡುವ ಕೆಲಸ ಅವನದು. ಗಿನಿ ಮರಿಗಳಿಗೆ ತಣ್ಣೀರು ಆಗದು ಎಂದು ದೊಡ್ಡ ಕೆಟಲಿನಲ್ಲಿ ನೀರು ಕಾಯಿಸಿ, ಆರಿಸಿ, ಉಗುರುಬೆಚ್ಚಗೆ ಕೊಡುತ್ತಾನೆ.

ಹೊಸ ಮರಿಗಳು ಬಂದಾಗ ಸೊಸೆ ಆ ನೂರನ್ನು ಐವತ್ತೈವತ್ತು ಮಾಡಿ ನಡುವೆ ತಗಡು ನಿಲ್ಲಿಸಿದಳು. ಎಡಗಡೆಯವಕ್ಕೆ ಪುಡಿ ಹಾಕಿದ ನೀರು, ಬಲಗಡೆಯವಕ್ಕೆ ಬರೀ ನೀರು. ಮೊದಲ ದಿನ ಪುಡಿ ನೀರಿನ ಮೇಲೆ ಗಂಟುಗಂಟಾಗಿ ತೇಲಿತೆಂದು ಹಾರನ್ ನನ್ನನ್ನು ಕೇಳಲು ಬಂದ. ನಾನು ಬಟ್ಟೆ ಒಣಹಾಕುತ್ತಿದ್ದೆ. ಏನೋ ಹೇಳಿದೆ, ಅವನು ತಲೆಯಾಡಿಸಿ ಹೋದ.

ಮೂರು ವಾರ ಕಳೆಯಿತು. ತೂಕ ನೋಡಿದರೆ ಎರಡೂ ಕಡೆ ಒಂದೇ. ಎಡಗಡೆ ಐದು ಸತ್ತಿದ್ದವು, ಬಲಗಡೆ ಆರು. ಹಿಕ್ಕೆ ಎರಡೂ ಕಡೆ ನೀರುನೀರು.

"ಪುಡಿ ಹಾಕಿದ್ರೂ ಅಷ್ಟೇ, ಬೂದಿ ಹಾಕಿದ್ರೂ ಅಷ್ಟೇ," ಎಂದ ಮಗ. ಚುಚ್ಚಲು ಹೇಳಿದ್ದಲ್ಲ, ಆದರೂ ಚುಚ್ಚಿತು.

ಸೊಸೆ ಪೊಟ್ಟಣವನ್ನು ಕಸದ ಬುಟ್ಟಿಯ ಪಕ್ಕದಲ್ಲಿಟ್ಟಳು. ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲವೇನೋ. ನಾನು ಅದನ್ನು ಎತ್ತಿಕೊಂಡು ಮೂಸಿದೆ. ಸ್ವಲ್ಪ ಹುಳಿ ವಾಸನೆ. ಜೀವ ಇರುವ ಪುಡಿ ಎನ್ನುತ್ತಾರಲ್ಲ, ಜೀವ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೊಸರಿನ ಹೆಪ್ಪೂ ಇದೇ ಜಾತಿಯದಲ್ಲವೇ ಎಂದು ಹೊಳೆದಾಗ ನನಗೆ ಕೂರಲಾಗಲಿಲ್ಲ.

ಹಾಲು ಕಾಯಿಸಿ ಆರಿಸಿ ನಾಲ್ಕು ಲೋಟಗಳಿಗೆ ಬಗ್ಗಿಸಿದೆ. ಮೊದಲನೆಯದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಚಿಟಿಕೆ ಪುಡಿ. ಮೂರನೆಯದಕ್ಕೆ ಎಡಗಡೆ ಮರಿಗಳ ನೀರಿನ ಡಬ್ಬಿಯಿಂದ ಒಂದು ಚಮಚ. ನಾಲ್ಕನೆಯದಕ್ಕೆ, ನಮ್ಮ ಬಾವಿಯ ತಣ್ಣೀರಿನಲ್ಲಿ ನಾನೇ ಅದೇ ಅಳತೆಗೆ ಪುಡಿ ಕದಡಿ ಒಂದು ಚಮಚ.

"ಕೋಳಿ ಔಷಧಿನ ನಮ್ಮ ಲೋಟಕ್ಕಾ ಅತ್ತೆ?"

"ಹಳೇ ಲೋಟ. ಆಮೇಲೆ ಕುದಿಸಿ ತೊಳೀತೀನಿ."

ಮಾರನೆಯ ಬೆಳಿಗ್ಗೆ ಮಗ ಅಡುಗೆಮನೆಗೆ ಇಣುಕಿ, "ಅಮ್ಮಾ, ನನ್ನ ಕಾಫಿ ಈ ನಾಲ್ಕರಲ್ಲಿ ಯಾವುದು ಅಂತ ಹೇಳ್ಬಿಡು, ಜೀವ ಉಳಿಸ್ಕೋತೀನಿ," ಎಂದ.

ಏನೂ ಹಾಕದ ಹಾಲು ಹಾಲಾಗಿಯೇ ಇತ್ತು. ಪುಡಿ ಹಾಕಿದ್ದು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಬಾವಿ ನೀರಿನದು ಸಂಜೆಯ ಹೊತ್ತಿಗೆ ತೆಳ್ಳಗೆ ಹೆಪ್ಪಾಯಿತು. ಮರಿಗಳ ಡಬ್ಬಿಯದು ಮಾತ್ರ ಸಂಜೆಗೂ ಹಾಗೇ ಇತ್ತು.

ಪುಡಿಯಲ್ಲಿ ಜೀವವಿದೆ. ಬಾವಿಯ ನೀರೂ ಅದಕ್ಕೆ ವಿಷವಲ್ಲ. ಹಾಗಾದರೆ ಪೊಟ್ಟಣದಿಂದ ಮರಿಯ ಕೊಕ್ಕಿಗೆ ಹೋಗುವ ದಾರಿಯಲ್ಲಿ ಅದು ಎಲ್ಲೋ ಸಾಯುತ್ತಿದೆ.

ಮರುದಿನ ಬೆಳಕು ಹರಿಯುವಾಗಲೇ ನಾನೂ ಸೊಸೆಯೂ ಶೆಡ್ಡಿಗೆ ಹೋದೆವು. ಹಾರನ್ ಕೆಟಲಿನ ಮುಂದೆ ಮೋಟು ಸ್ಟೂಲಿನ ಮೇಲೆ ಕೂತಿದ್ದ. ನೀರು ಕುದಿಯಿತು. ಅವನು ಒಂದು ಪಾಲನ್ನು ಬಕೆಟ್ಟಿಗೆ ಬಗ್ಗಿಸಿ, ಹೊಗೆಯಾಡುತ್ತಿದ್ದ ಆ ನೀರಿಗೆ ಮಟ್ಟಸವಾಗಿ ಅಳೆದು ಒಂದು ಚಮಚ ಪುಡಿ ಹಾಕಿ ಕದಡಿದ. ಒಂದು ಗಂಟೂ ಉಳಿಯಲಿಲ್ಲ. ಆಮೇಲೆ ಬಕೆಟ್ಟಿನ ಮೇಲೆ ಬಟ್ಟೆ ಮುಚ್ಚಿ ಆರಲು ಬಿಟ್ಟ.

"ಹಾರನ್," ಎಂದೆ, "ಇಷ್ಟು ಬಿಸಿ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರಾಗತ್ತಾ?"

ಅವನು ಹೊಗೆಯನ್ನು ನೋಡಿದ. ನನ್ನನ್ನು ನೋಡಿದ. ಒಂಟಿಯಾಗಿ ಅಡುಗೆ ಮಾಡಿಕೊಂಡು ಬದುಕಿದವನು, ಬಿಡಿಸಿ ಹೇಳಬೇಕಾಗಲಿಲ್ಲ.

"ಬೇಯಿಸಿಬಿಟ್ನಾ ಎಲ್ಲಾನೂ?"

"ಚಿಕ್ಕಮಾವ, ಕುದಿಯೋ ನೀರಿಗೆ ಹಾಕಿ ಅಂತ ಯಾರು ಹೇಳಿದ್ರು ನಿಮಗೆ?" ಎಂದಳು ಸೊಸೆ.

"ಯಾರೂ ಇಲ್ಲಮ್ಮ. ನನ್ನ ತಲೆಗೇ ಹೊಳೀತು."

ಆಗ ನನಗೆ ನೆನಪಾಯಿತು. ಬಟ್ಟೆಯ ಹಗ್ಗ, ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು, ನನ್ನದೇ ದನಿ. 'ಬಿಸಿ ಹೆಚ್ಚಿದಷ್ಟೂ ಬೇಗ ಕರಗತ್ತೆ, ಕುದಿಯೋ ನೀರಿಗೇ ಹಾಕು.' ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು, ಕರಗುವುದನ್ನು ಯೋಚಿಸಿದೆ, ಬದುಕುವುದನ್ನು ಯೋಚಿಸಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಸೊಸೆ ಹೊಸ ನೀರು ತರಲು ಬಾವಿಯ ಕಡೆ ಓಡಿದ್ದಳು. ಹಾರನ್ ನನ್ನತ್ತ ತಿರುಗದೆ ಕೆಟಲ್ ಒರೆಸುತ್ತಿದ್ದ. ಒರೆಸಿದ ಕೆಟಲನ್ನೇ ಮತ್ತೆ ಒರೆಸಿದ.

ಆ ದಿನ ಹೇಳಬೇಕಿತ್ತು. ನಾಳೆ ಎಂದುಕೊಂಡೆ. ನಾಳೆ ಎನ್ನುವುದು ಮೂರು ವಾರವಾಯಿತು. ಅಷ್ಟು ದಿನವೂ ಮಗ "ಚಿಕ್ಕಪ್ಪ, ಇವತ್ತು ಸೂಕ್ಷ್ಮಜೀವಿ ಸಾರೋ, ಪಲ್ಯವೋ?" ಎಂದು ಕೆಣಕುತ್ತಿದ್ದ, ಹಾರನ್ ನಗುತ್ತಿದ್ದ. ನೀರನ್ನು ಈಗ ಮೊದಲು ಆರಿಸಿ, ಬೆರಳು ಅದ್ದಿ ನೋಡಿ, ಕೊನೆಗೆ ಪುಡಿ ಹಾಕುತ್ತಿದ್ದ. ನಾನು ದಿನ ಬಿಟ್ಟು ದಿನ ಡಬ್ಬಿಯ ನೀರಿನಿಂದ ಹಾಲಿಗೆ ಹೆಪ್ಪು ಹಾಕಿ ನೋಡುತ್ತಿದ್ದೆ. ಪ್ರತಿ ಸಲವೂ ಕಟ್ಟಿತು.

ಆರನೇ ವಾರ ತೂಕ. ಚೀಲದಲ್ಲಿ ಒಂದೊಂದೇ ಹಕ್ಕಿಯನ್ನು ತಕ್ಕಡಿಗೆ ಇಳಿಬಿಟ್ಟು ನೋಡಿದೆವು. ಅವುಗಳ ಕಿರುಚಾಟದಲ್ಲಿ ಸೊಸೆ ಅಂಕಿಗಳನ್ನು ಎರಡೆರಡು ಸಲ ಕೂಗಬೇಕಾಯಿತು. ಎಡಗಡೆಯವು ಸರಾಸರಿ ಮೂವತ್ತು ಗ್ರಾಂ ಹೆಚ್ಚು. ಈ ಮೂರು ವಾರದಲ್ಲಿ ಬಲಗಡೆ ಮೂರು ಸತ್ತಿದ್ದವು, ಎಡಗಡೆ ಒಂದೂ ಇಲ್ಲ. ಅಲ್ಲಿ ಹಿಕ್ಕೆ ಗಟ್ಟಿಯಾಗಿ, ಹಾಸಿದ ಹೊಟ್ಟು ಒಣಗಿತ್ತು.

ಮಗ ಅಂಕಿ ಬರೆದ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ.

"ಮೂವತ್ತು ಗ್ರಾಂ ಅಂದ್ರೆ ಬೆಳಿಗ್ಗೆ ನೀರು ಕುಡಿದಿತ್ತೋ ಇಲ್ವೋ ಅನ್ನೋಷ್ಟು. ಹದಿನಾಲ್ಕು ಮರಿ ಹೋಗಿವೆ. ಇದನ್ನ ನಂಬಿ ಶೆಡ್ಡು ಹೇಗೆ ಬಿಡ್ಲಿ? ಚಿಕ್ಕಪ್ಪ ಮೊದಲ ಮೂರು ವಾರ ಬೇಯಿಸದೇ ಇದ್ದಿದ್ರೆ ಏನೋ ಹೇಳಬಹುದಿತ್ತು."

ಸೊಸೆ ಹಾಳೆಯನ್ನು ಮಡಿಸತೊಡಗಿದಳು. ಹಾರನ್ ನೆಲ ನೋಡಿದ.

"ಬೇಯಿಸಿದ್ದು ನಾನು," ಎಂದೆ. "ಕುದಿಯೋ ನೀರಿಗೆ ಹಾಕು ಅಂತ ಹೇಳಿದ್ದು ನಾನೇ, ಬಟ್ಟೆ ಒಣಹಾಕ್ತಾ. ಅವನು ನನ್ನ ಮಾನ ಉಳಿಸೋಕೆ ಸುಮ್ಮನಿದ್ದ. ನೀನು ಆರು ವಾರ ನೋಡ್ತೀನಿ ಅಂದೆ. ಮೊದಲ ದಿನದಿಂದ ಜೀವ ಇರೋ ಪುಡಿ ಸಿಕ್ಕ ಒಂದು ಮರೀನೂ ನೀನು ಇನ್ನೂ ನೋಡಿಲ್ಲ. ನೋಡದೇ ಹೇಗೆ ಬೇಡ ಅಂತೀಯ?"

ಮಗ ಚಿಕ್ಕಪ್ಪನ ಕಡೆ ತಿರುಗಿದ. "ಹೌದಾ?"

"ಅತ್ತಿಗೆಗೆ ವಯಸ್ಸಾಯ್ತು, ಏನೇನೋ ನೆನಪಾಗತ್ತೆ," ಎಂದ ಹಾರನ್.

ಮೊದಲು ನಕ್ಕವಳು ಸೊಸೆ. ಮಗ ತಡೆದುಕೊಂಡು ನೋಡಿದ, ಆಗಲಿಲ್ಲ. ನಗು ಮುಗಿದ ಮೇಲೆ ಹೆಂಡತಿಯ ಕೈಯಿಂದ ಹಾಳೆ ತೆಗೆದುಕೊಂಡು ಮಡಿಕೆ ಬಿಡಿಸಿ, ಮೊದಲ ಮೂರು ವಾರದ ಮೇಲೆ ಒಂದು ಗೀಟು ಎಳೆದ.

"ಸರಿ. ಹೊಸ ಮರಿ ತರ್ಸು, ಮೊದಲ ದಿನದಿಂದ ನೋಡೋಣ. ಆದ್ರೆ ಅಮ್ಮ ಬಟ್ಟೆ ಒಣಹಾಕ್ತಾ ಸಲಹೆ ಕೊಡೋ ಹಾಗಿಲ್ಲ."

ಮರಿಗಳು ಮುಂದಿನ ತಿಂಗಳು ಬಂದವು. ಮೊದಲ ಬೆಳಿಗ್ಗೆ ಹಾರನ್ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೇ ತಂದ.

"ಅತ್ತಿಗೆ, ನೀವೂ ಒಂದು ಬೆರಳು ಅದ್ದಿಬಿಡಿ. ತಪ್ಪಾದ್ರೆ ಇಬ್ಬರದೂ ಇರ್ಲಿ."

ಅದ್ದಿದೆ. ಹೆಪ್ಪು ಹಾಕುವ ಹದವೇ ಇತ್ತು.